ಆ ಹೆಂಗಸಿನ ಹೆಸರೇನು, ಹೇಳಿ ನೋಡೋಣ!

ಒಂದು ಪಂಥ ಕಟ್ಟೋಣ, ಬನ್ನಿ!

ಡಾಫ್ನೆ ಡ್ಯು ಮೊರಿಯೆ ಬರೆದ ‘ರೆಬೆಕಾ’ ಕಾದಂಬರಿ ಗೊತ್ತಲ್ಲ? 1938ರದ್ದು. ಪುಸ್ತಕ ಓದಿಲ್ಲವೆಂದರೆ ಹಿಚ್‌ಕಾಕ್ ಸಿನಿಮಾ ನೋಡಿರಬಹುದು. ಅದೂ ಇಲ್ಲವೇ? ವಹೀದಾ ರೆಹಮಾನ್ ನಟಿಸಿದ ಹಿಂದಿಯ ‘ಕೊಹ್ರಾ’ ಆದರೂ ನೆನಪಿರಬೇಕು. ಅದಕ್ಕೂ ಇದೇ ಕಥೆಯೇ ಮೂಲ.

ಪ್ರಶ್ನೆ ತೀರಾ ಸುಲಭ. ಆ ಕಾದಂಬರಿಯ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ‘ನಾನು, ನಾನು’ ಎನ್ನುತ್ತಾ ಕಥೆ ಹೇಳುವ ನಾಯಕಿ ಇದ್ದಾಳಲ್ಲ, ಅವಳ ಹೆಸರೇನು?

ರೆಬೆಕಾ ಎಂದಿರಾ? ತಪ್ಪು! ರೆಬೆಕಾ ಕಥೆ ಶುರುವಾಗುವ ಮೊದಲೇ ಸತ್ತುಹೋಗಿರುವ ಮೊದಲ ಹೆಂಡತಿ. ನಾನು ಕೇಳುತ್ತಿರುವುದು ಎರಡನೆಯವಳ ಹೆಸರು.

ಯೋಚಿಸಿ. ಪುಟ ತಿರುವಿ ನೋಡಿ. ಬೇಕಿದ್ದರೆ ಗೆಳತಿಗೆ ಫೋನ್ ಮಾಡಿ ಕೇಳಿ.

ಸಿಗುವುದಿಲ್ಲ! ಯಾಕೆಂದರೆ ಅವಳಿಗೆ ಹೆಸರೇ ಇಲ್ಲ! ಇಡೀ ಕಾದಂಬರಿ ಮುಗಿದರೂ ಅವಳ ಹೆಸರು ಒಂದು ಸಲವೂ ಬರುವುದಿಲ್ಲ. ಸತ್ತವಳ ಹೆಸರಿನ ಮೊದಲಕ್ಷರ ಕರವಸ್ತ್ರದ ಮೇಲಿದೆ, ಕಸೂತಿಯಲ್ಲಿದೆ, ಮನೆಯ ಮೂಲೆಮೂಲೆಯಲ್ಲಿದೆ. ಬದುಕಿರುವವಳು ಬರೀ ‘ಮಿಸೆಸ್ ಡಿ ವಿಂಟರ್’. ಗಂಡನ ಮನೆತನದ ಹೆಸರೇ ಅವಳ ಹೆಸರು!

ಬೆರಗಾಯಿತೇ? ಇದು ಬರೀ ಪೀಠಿಕೆ. ಈ ಒಂದು ಪ್ರಶ್ನೆಯ ಎಳೆ ಹಿಡಿದು ಹೊರಟರೆ ಇಂಗ್ಲಿಷಿನ ಮಹಾ ಕಾದಂಬರಿಗಳೆಲ್ಲ ಬೇರೆಯೇ ಬಣ್ಣದಲ್ಲಿ ಕಾಣುತ್ತವೆ. ಆ ಎಳೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಗೊತ್ತೇ? ಲಂಡನ್ನಿನಲ್ಲಲ್ಲ. ಕುವೈತ್‌ನಲ್ಲಿ!

ನಂಬಿಕೆ ಬರುತ್ತಿಲ್ಲವೇ? ಜೊತೆಗೆ ಬನ್ನಿ.

ಮುಖಪುಟದಲ್ಲೇ ಕಣ್ಮರೆ!

ಮೊದಲು ಒಳಪುಟ ಬಿಡಿ, ಮುಖಪುಟ ನೋಡೋಣ. 1811. ಜೇನ್ ಆಸ್ಟೆನ್ ಮೊದಲ ಕಾದಂಬರಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ಅಚ್ಚಾಗಿ ಬಂತು. ಲೇಖಕಿಯ ಹೆಸರಿನ ಜಾಗದಲ್ಲಿ ಏನಿತ್ತು? ‘ಒಬ್ಬ ಮಹಿಳೆ’. ಅಷ್ಟೇ!

ಎರಡು ವರ್ಷದ ಮೇಲೆ ‘ಪ್ರೈಡ್ ಅಂಡ್ ಪ್ರೆಜುಡೀಸ್’ ಬಂತು. ಜಗತ್ತು ಇಂದಿಗೂ ಕೊಂಡು ಓದುತ್ತಿರುವ ಆ ಪುಸ್ತಕದ ಹಕ್ಕನ್ನು ಆಕೆ ಎಷ್ಟಕ್ಕೆ ಮಾರಿದಳು, ಊಹಿಸಿ. ಸಾವಿರ ಪೌಂಡ್? ಐನೂರು? ಅಲ್ಲ. 110 ಪೌಂಡ್! ಮುಖಪುಟದಲ್ಲಿ ಆಗಲೂ ಹೆಸರಿಲ್ಲ. 1817ರಲ್ಲಿ ಆಕೆ ತೀರಿಕೊಂಡಳು. ಬದುಕಿರುವವರೆಗೆ ತನ್ನ ಹೆಸರು ತನ್ನದೇ ಕಾದಂಬರಿಯ ಮೇಲೆ ಅಚ್ಚಾದದ್ದನ್ನು ಒಮ್ಮೆಯೂ ನೋಡಲಿಲ್ಲ!

1847ಕ್ಕೆ ಬನ್ನಿ. ಒಂದೇ ವರ್ಷ, ಒಂದೇ ಮನೆ, ಮೂವರು ಅಕ್ಕತಂಗಿಯರು, ಮೂರು ಕಾದಂಬರಿ! ‘ಜೇನ್ ಐರ್’, ‘ವದರಿಂಗ್ ಹೈಟ್ಸ್’, ‘ಆಗ್ನೆಸ್ ಗ್ರೇ’. ಬರೆದವರು ಶಾರ್ಲೆಟ್, ಎಮಿಲಿ, ಆನ್ ಬ್ರಾಂಟೆ. ಮುಖಪುಟದಲ್ಲಿದ್ದವರು? ಕರರ್ ಬೆಲ್, ಎಲಿಸ್ ಬೆಲ್, ಆಕ್ಟನ್ ಬೆಲ್! ಕದ್ದುಮುಚ್ಚಿ ಉಳಿಸಿಕೊಂಡದ್ದು ತಮ್ಮ ಹೆಸರಿನ ಮೊದಲಕ್ಷರ ಮಾತ್ರ.

‘ಮಿಡ್ಲ್‌ಮಾರ್ಚ್’ ಬರೆದ ಜಾರ್ಜ್ ಎಲಿಯಟ್? ಅದೂ ಹೆಣ್ಣೇ! ಮೇರಿ ಆನ್ ಇವಾನ್ಸ್!

ನಮ್ಮ ತ್ರಿವೇಣಿಯನ್ನು ನೆನೆಸಿಕೊಳ್ಳಿ. ಮನೆಯಲ್ಲಿ ಅನಸೂಯಾ ಶಂಕರ್, ಮುಖಪುಟದಲ್ಲಿ ತ್ರಿವೇಣಿ. ಹೆಸರು ಬದಲಾಯಿತು ನಿಜ. ಆದರೆ ಹೆಣ್ಣು ಹೆಸರಾಗಿಯೇ ಉಳಿಯಿತು. ಗಂಡಸಿನ ವೇಷ ಹಾಕಲಿಲ್ಲ! ಈ ತ್ರಿವೇಣಿಯನ್ನು ಮರೆಯಬೇಡಿ. ಮುಂದೆ ಬರುತ್ತಾರೆ, ದೊಡ್ಡದೊಂದು ಅಚ್ಚರಿ ಹೊತ್ತುಕೊಂಡು.

ಪೆಟ್ಟಿಗೆಗೆ ಅಂಟದ ನಾಲ್ಕು ಚೀಟಿ

ಈಗ ಕಥೆಯ ಒಳಗೆ ಕಾಲಿಡೋಣ. ‘ಜೇನ್ ಐರ್’. ತಂದೆತಾಯಿ ಇಲ್ಲದ ಹುಡುಗಿ. ಶ್ರೀಮಂತ ರಾಚೆಸ್ಟರ್‌ನ ಮನೆಯಲ್ಲಿ ಮಗುವಿಗೆ ಪಾಠ ಹೇಳುವ ಕೆಲಸ. ಸಂಬಳ ವರ್ಷಕ್ಕೆ 30 ಪೌಂಡ್. ಧಣಿಗೂ ಅವಳಿಗೂ ಪ್ರೀತಿಯಾಗಿದೆ. ನಾಳೆ ಮದುವೆ!

ಪ್ರಯಾಣದ ಪೆಟ್ಟಿಗೆಗಳು ಸಿದ್ಧವಾಗಿ ಸಾಲಾಗಿ ನಿಂತಿವೆ. ಗಲ್ಫ್‌ನಿಂದ ಊರಿಗೆ ಹೊರಡುವಾಗ ನಾವು ರಟ್ಟಿನ ಪೆಟ್ಟಿಗೆಯ ಮೇಲೆ ಮಾರ್ಕರ್‌ನಲ್ಲಿ ದಪ್ಪಗೆ ಹೆಸರು ಬರೆಯುತ್ತೇವಲ್ಲ, ಹಾಗೆಯೇ ಅವಕ್ಕೂ ಹೆಸರು ಬೇಕು. ರಾಚೆಸ್ಟರ್ ತಾನೇ ಕೈಯಾರೆ ನಾಲ್ಕು ಚೀಟಿ ಬರೆದಿಟ್ಟಿದ್ದಾನೆ: ‘ಮಿಸೆಸ್ ರಾಚೆಸ್ಟರ್’.

ಜೇನ್ ಏನು ಮಾಡುತ್ತಾಳೆ? ಅಂಟಿಸುವುದೇ ಇಲ್ಲ! ನಾಲ್ಕೂ ಚೀಟಿ ಡ್ರಾಯರಿನಲ್ಲೇ ಕೂತಿವೆ. ಅಂಥ ಹೆಸರಿನವಳು ಇನ್ನೂ ಹುಟ್ಟೇ ಇಲ್ಲ ಎನ್ನುತ್ತದೆ ಅವಳ ಮನಸ್ಸು. ಪ್ರೀತಿ ಬೇಕು, ಮದುವೆ ಬೇಕು, ಆದರೆ ತನ್ನ ಹೆಸರನ್ನು ಬಿಟ್ಟುಕೊಡಲು ಕೈ ಏಳುತ್ತಿಲ್ಲ! 1847ರಲ್ಲಿ! ನಾಲ್ಕು ಸಣ್ಣ ಚೀಟಿಗಳಲ್ಲಿ ಒಬ್ಬ ಹೆಣ್ಣಿನ ಇಡೀ ಒಳಗುದಿ!

ಸಾಲದೇ? ಅದೇ ವರ್ಷದ ‘ವದರಿಂಗ್ ಹೈಟ್ಸ್’ ತೆಗೆಯಿರಿ. ಅಪರಿಚಿತನೊಬ್ಬ ಆ ಮನೆಯಲ್ಲಿ ರಾತ್ರಿ ತಂಗುತ್ತಾನೆ. ಕಿಟಕಿಯ ಕಟ್ಟೆಯ ಬಣ್ಣದ ಮೇಲೆ ಯಾರೋ ಹೆಸರು ಕೆರೆದಿದ್ದಾರೆ. ಮೋಂಬತ್ತಿ ಹಿಡಿದು ನೋಡುತ್ತಾನೆ. ಕ್ಯಾಥರೀನ್ ಅರ್ನ್‌ಶಾ. ಕ್ಯಾಥರೀನ್ ಹೀತ್‌ಕ್ಲಿಫ್. ಕ್ಯಾಥರೀನ್ ಲಿಂಟನ್. ಒಬ್ಬಳೇ ಹುಡುಗಿ ಮೂರು ಹೆಸರು ಕೆರೆದು ನೋಡಿದ್ದಾಳೆ!

ಈಗ ಉಸಿರು ಬಿಗಿಹಿಡಿಯಿರಿ. ಆ ಮೂರು ಹೆಸರನ್ನು ಎಡದಿಂದ ಬಲಕ್ಕೆ ಓದಿ. ಅದು ತಾಯಿಯ ಬದುಕು: ಹುಟ್ಟಿದ್ದು ಅರ್ನ್‌ಶಾ ಆಗಿ, ಮನಸ್ಸು ಕೊಟ್ಟದ್ದು ಹೀತ್‌ಕ್ಲಿಫ್‌ಗೆ, ತಾಳಿ ಕಟ್ಟಿಸಿಕೊಂಡಂತಾದದ್ದು ಲಿಂಟನ್‌ನಿಂದ. ಇನ್ನು ಬಲದಿಂದ ಎಡಕ್ಕೆ ಓದಿ. ಅದು ಮಗಳ ಬದುಕು! ಅವಳ ಹೆಸರೂ ಕ್ಯಾಥರೀನೇ. ಹುಟ್ಟಿದ್ದು ಲಿಂಟನ್ ಆಗಿ, ಮೊದಲ ಮದುವೆಯಿಂದ ಹೀತ್‌ಕ್ಲಿಫ್, ಕೊನೆಗೆ ಕೈಹಿಡಿಯಲಿರುವುದು ಅರ್ನ್‌ಶಾ ಮನೆಯವನನ್ನು. ಎರಡು ತಲೆಮಾರಿನ ಕಥೆಯನ್ನು ಎಮಿಲಿ ಒಂದು ಕಿಟಕಿಯ ಕಟ್ಟೆಯ ಮೇಲೆ, ಮೊದಲಲ್ಲೇ, ಕೆತ್ತಿ ಇಟ್ಟುಬಿಟ್ಟಿದ್ದಾಳೆ!

1813: ಲಂಡನ್ನೋ, ಕುವೈತೋ?

ಈಗ ಪಂಥದ ಎರಡನೆಯ ಸುತ್ತು. ಇದು ಕಠಿಣ.

1813. ‘ಪ್ರೈಡ್ ಅಂಡ್ ಪ್ರೆಜುಡೀಸ್’ ಬಂದ ವರ್ಷ. ಒಂದು ಕಡೆ ಲಂಡನ್. ಇನ್ನೊಂದು ಕಡೆ ಮರಳುಗಾಡು ಮತ್ತು ಕೊಲ್ಲಿಯ ನಡುವೆ ಮುತ್ತು, ಹಡಗು, ಖರ್ಜೂರ ನಂಬಿ ಬದುಕುತ್ತಿದ್ದ ಪುಟ್ಟ ಕುವೈತ್ ಪಟ್ಟಣ. ಈ ಎರಡರಲ್ಲಿ ಮದುವೆಯಾದ ಹೆಣ್ಣು ಕಾನೂನಿನಂತೆ ತನ್ನ ಸ್ವಂತ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳಬಹುದಾಗಿದ್ದದ್ದು ಎಲ್ಲಿ?

ಲಂಡನ್ ಎಂದಿರಿ, ಅಲ್ಲವೇ?

ಕುವೈತ್!

ಹೌದು! ಇಂಗ್ಲೆಂಡಿನ ಸಾಮಾನ್ಯ ಕಾನೂನಿನಲ್ಲಿ ಮದುವೆಯಾದ ಗಳಿಗೆಯಿಂದ ಹೆಂಡತಿಯ ಹಣ, ಒಡವೆ, ಗಳಿಕೆ ಗಂಡನದಾಗುತ್ತಿತ್ತು. ಶ್ರೀಮಂತ ತವರಿನವರು ಕರಾರು ಪತ್ರ ಮಾಡಿಸಿ ಒಂದಿಷ್ಟು ಉಳಿಸಿಕೊಳ್ಳುತ್ತಿದ್ದರು, ಅಷ್ಟೇ. ಹೆಂಡತಿಗೆ ತನ್ನ ಆಸ್ತಿ ತನ್ನದೇ ಎನ್ನುವ ಪೂರ್ಣ ಹಕ್ಕು ಸಿಕ್ಕಿದ್ದು ಯಾವಾಗ ಗೊತ್ತೇ? 1882ರ ಕಾಯಿದೆಯಲ್ಲಿ! ಆಸ್ಟೆನ್ ಸತ್ತು 65 ವರ್ಷದ ಮೇಲೆ!

ಷರೀಯತ್ತಿನಲ್ಲಿ ಮೊದಲಿನಿಂದಲೂ ಹೆಂಡತಿಯ ಆಸ್ತಿ ಹೆಂಡತಿಯದೇ. ಮದುವೆಯಲ್ಲಿ ಗಂಡ ಕೊಡುವ ಮಹರ್ ಅವಳದೇ. ತಂದೆಯ ಆಸ್ತಿಯಲ್ಲಿ ಮಗಳಿಗೂ ಪಾಲು. ಮಗನ ಪಾಲಿನ ಅರ್ಧ, ನಿಜ. ಆದರೂ ಪಾಲು! ‘ಪ್ರೈಡ್ ಅಂಡ್ ಪ್ರೆಜುಡೀಸ್’ನ ನಾಯಕಿ ಎಲಿಜಬೆತ್ ಬೆನೆಟ್‌ಗೆ? ತಂದೆಯ ಮನೆ ಲಾಂಗ್‌ಬೋರ್ನ್ ಐವರು ಹೆಣ್ಣುಮಕ್ಕಳಲ್ಲಿ ಒಬ್ಬಳಿಗೂ ದಕ್ಕದೆ ದೂರದ ಸಂಬಂಧಿ ಕಾಲಿನ್ಸ್‌ನ ಪಾಲಾಗಬೇಕು.

ಒಂದು ಲೆಕ್ಕ ನೋಡಿ. ಅವಳ ಕೈಹಿಡಿಯುವ ಡಾರ್ಸಿಯ ವರ್ಷದ ಆದಾಯ 10,000 ಪೌಂಡ್. ಎಲಿಜಬೆತ್‌ಗೆ ಜೀವಮಾನದಲ್ಲಿ ತನ್ನದೆಂದು ಬರಬೇಕಾದ ಮೊತ್ತ? 1,000 ಪೌಂಡ್! ಅದೂ ತಾಯಿ ಸತ್ತ ಮೇಲೆ! ‘ಪ್ರೇಮಕಥೆ’ ಎಂದು ನಾವು ಮುದದಿಂದ ಓದುವ ಪುಸ್ತಕದ ಅಡಿಯಲ್ಲಿ ಈ ಲೆಕ್ಕ ಕುದಿಯುತ್ತಿದೆ. ಎಲಿಜಬೆತ್‌ಳ ಗೆಳತಿ, 27 ವರ್ಷದ ಶಾರ್ಲೆಟ್ ಲೂಕಸ್, ಪ್ರೀತಿಯ ಲವಲೇಶವೂ ಇಲ್ಲದೆ ಅದೇ ಕಾಲಿನ್ಸ್‌ನನ್ನು ಮದುವೆಯಾದದ್ದು ಈ ಲೆಕ್ಕದಿಂದಲೇ!

ಇನ್ನೂ ಇದೆ! ಕುವೈತ್‌ನಲ್ಲಿ ಹೆಣ್ಣು ಮದುವೆಯಾದರೆ ಹೆಸರು ಬದಲಿಸುವ ಪದ್ಧತಿಯೇ ಇಲ್ಲ. ತಂದೆಯ ಹೆಸರು, ತವರಿನ ಮನೆತನದ ಹೆಸರು ಅವಳ ಜೊತೆಗೇ ಸಾಯುವವರೆಗೆ ಇರುತ್ತದೆ. ಜೇನ್ ಐರ್ ಕುವೈತ್‌ನಲ್ಲಿ ಹುಟ್ಟಿದ್ದರೆ ಆ ನಾಲ್ಕು ಚೀಟಿಗಳ ಗೋಜೇ ಇರುತ್ತಿರಲಿಲ್ಲ!

ಹಾಗೆಂದು ಅಲ್ಲಿ ಎಲ್ಲ ಸುಗಮವೇ? ಖಂಡಿತ ಅಲ್ಲ. 1959ರ ಪೌರತ್ವ ಕಾನೂನಿನಂತೆ ಕುವೈತಿ ತಂದೆಯ ಮಗು ಹುಟ್ಟಿನಿಂದಲೇ ಕುವೈತಿ. ವಿದೇಶಿಯನ್ನು ಮದುವೆಯಾದ ಕುವೈತಿ ತಾಯಿಯ ಮಗುವಿಗೆ ಆ ಹಕ್ಕಿಲ್ಲ. ಹೆಸರು ಉಳಿಯುತ್ತದೆ, ದಾಟಿಹೋಗುವುದಿಲ್ಲ. ಹೆಣ್ಣಿನ ಗುರುತಿನ ಸಿಕ್ಕು ಎಲ್ಲಿಯೂ ಪೂರ್ತಿ ಬಿಡಿಸಿಕೊಂಡಿಲ್ಲ. ಗಂಟು ಬಿದ್ದ ಜಾಗ ಮಾತ್ರ ಬೇರೆ ಬೇರೆ!

ಇಂಗ್ಲಿಷ್ ಹೆಂಗಸು, ಅರಬ್ಬಿ ಹೆಸರು, ಒಂದು ಹೂವು!

ಕಾದಂಬರಿಯೇ ಎದ್ದು ಬಂದಂಥ ಒಬ್ಬಳು ನಿಜವಾಗಿ ಕುವೈತ್‌ಗೆ ಬಂದಿದ್ದಳು. ವಯಲೆಟ್ ಡಿಕ್ಸನ್. 1929ರಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಆಗಿ ನೇಮಕವಾದ ಗಂಡ ಹೆರಾಲ್ಡ್ ಡಿಕ್ಸನ್ ಜೊತೆ ಬಂದು ಇಳಿದಳು. ಆತ ಮದುವೆಯಾಗುವೆಯಾ ಎಂದು ಕೇಳಿದ್ದೂ ತಂತಿ ಕಳಿಸಿ!

ಎಷ್ಟು ದಿನ ಇದ್ದಳು, ಊಹಿಸಿ. ಐದು ವರ್ಷ? ಹತ್ತು? ಅರುವತ್ತು ವರ್ಷ! ಗಂಡ 1959ರಲ್ಲಿ ತೀರಿಕೊಂಡ ಮೇಲೂ ಊರಿಗೆ ಮರಳಲಿಲ್ಲ. 1990ರಲ್ಲಿ ಇರಾಕಿನ ಸೇನೆ ನುಗ್ಗಿದ ಮೇಲೆಯೇ ಕುವೈತ್ ಬಿಟ್ಟದ್ದು.

ಮಕ್ಕಳಿಗೆ ಇಟ್ಟ ಹೆಸರು? ಸೌದ್, ಜಹ್ರಾ! ಕುವೈತ್‌ನ ಜನ ಅವಳನ್ನು ಕರೆದದ್ದು? ಮಿಸೆಸ್ ಡಿಕ್ಸನ್ ಎಂದಲ್ಲ. ‘ಉಮ್ಮ್ ಸೌದ್’, ಸೌದ್‌ನ ತಾಯಿ! ನಮ್ಮ ಹಳ್ಳಿಗಳಲ್ಲಿ ‘ರಾಜುವಿನ ಅಮ್ಮ’ ಎನ್ನುವುದಿಲ್ಲವೇ, ಅದೇ ರೀತಿ.

ಆದರೆ ಅವಳ ಹೆಸರು ಅಡಗಿ ಕುಳಿತ ಇನ್ನೊಂದು ಜಾಗವಿದೆ. ಮರಳುಗಾಡಿನಲ್ಲಿ ಅಲೆದು ಆಕೆ ಗಿಡ ಒಣಗಿಸಿ ಲಂಡನ್ನಿನ ಕ್ಯೂ ಸಸ್ಯೋದ್ಯಾನಕ್ಕೆ ಕಳಿಸುತ್ತಿದ್ದಳು. ಅದರಲ್ಲೊಂದು ನೇರಳೆ ಹೂವಿನ, ಘಮಘಮಿಸುವ ಪುಟ್ಟ ಗಿಡ. ಊರವರು ಅದನ್ನು ಖುಜಾಮಾ ಎನ್ನುತ್ತಾರೆ. ಅದರ ವೈಜ್ಞಾನಿಕ ಹೆಸರು ಹಾರ್ವುಡಿಯಾ ಡಿಕ್ಸೋನಿಯೇ! ಆ ಕುಲದಲ್ಲಿ ಇರುವುದೇ ಅದೊಂದು ಜಾತಿ! ಕುವೈತ್‌ನಲ್ಲಿ ಮಳೆ ಚೆನ್ನಾಗಿ ಆದ ವರ್ಷ ಮರಳ ಮೇಲೆ ಒಬ್ಬ ಹೆಂಗಸಿನ ಹೆಸರು ಅರಳುತ್ತದೆ!

1966: ಅಟ್ಟದ ಬಾಗಿಲು ತೆರೆಯಿತು

ಈಗ ತ್ರಿವೇಣಿಯವರ ಸರದಿ. ನೆನಪಿದೆಯಲ್ಲ?

‘ಜೇನ್ ಐರ್’ನಲ್ಲಿ ರಾಚೆಸ್ಟರ್‌ನ ಮೊದಲ ಹೆಂಡತಿ ಬರ್ತಾ. ವೆಸ್ಟ್ ಇಂಡೀಸಿನವಳು. ಹುಚ್ಚಿ ಎಂದು ಅವಳನ್ನು ಮನೆಯ ಮೇಲಂತಸ್ತಿನಲ್ಲಿ ಕೂಡಿಹಾಕಿದ್ದಾರೆ. ಇಡೀ ಕಾದಂಬರಿಯಲ್ಲಿ ಅವಳು ನಗುತ್ತಾಳೆ, ಕಿರುಚುತ್ತಾಳೆ, ಕಚ್ಚುತ್ತಾಳೆ. ತನ್ನ ಕಥೆ ಹೇಳಿಕೊಳ್ಳುವ ಅವಕಾಶ ಅವಳಿಗಿಲ್ಲ.

119 ವರ್ಷ ಹೀಗೇ ಕಳೆಯಿತು. 1966ರಲ್ಲಿ, ಕೆರಿಬಿಯನ್‌ನ ಡೊಮಿನಿಕಾ ದ್ವೀಪದಲ್ಲಿ ಹುಟ್ಟಿದ ಜೀನ್ ರೀಸ್ ‘ವೈಡ್ ಸರ್ಗಾಸೊ ಸೀ’ ಬರೆದಳು. ಆಗ ಆಕೆಗೆ 76 ವರ್ಷ! ಅಟ್ಟದ ಹೆಂಗಸಿಗೆ ಬಾಯಿ ಬಂತು. ಮತ್ತೊಂದು ಗುಟ್ಟು ಬಯಲಾಯಿತು. ಈ ಕಾದಂಬರಿಯಲ್ಲಿ ಅವಳ ನಿಜ ಹೆಸರು ಬರ್ತಾ ಅಲ್ಲವೇ ಅಲ್ಲ! ಆಂಟ್ವಾನೆಟ್! ‘ಬರ್ತಾ’ ಗಂಡ ಇಟ್ಟ ಹೆಸರು. ಅವಳ ಹೆಸರನ್ನೇ ಕಿತ್ತುಕೊಂಡ!

ಆದರೆ ತಾಳಿ. ಮನೋರೋಗಿ ಎಂಬ ಹಣೆಪಟ್ಟಿ ಹಚ್ಚಿಸಿಕೊಂಡ ಹೆಣ್ಣಿನ ಒಳಗನ್ನು ತೆರೆದು ತೋರಿಸಿದ್ದು ಜೀನ್ ರೀಸ್ ಒಬ್ಬಳೇ ಏನು? ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಎಲ್ಲಿ ಹೋದಳು? ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲೇ ತೀರಿಕೊಂಡರು. ಎಂದರೆ ಆಂಟ್ವಾನೆಟ್ ಅಚ್ಚಿನಲ್ಲಿ ಕಣ್ಣು ಬಿಡುವ ಮೊದಲೇ ಕಾವೇರಿಯ ಕಥೆ ಕನ್ನಡದಲ್ಲಿ ಬರೆದು ಮುಗಿದಿತ್ತು! ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ ಕಣ್ಣಿನಲ್ಲಿ ಗುಣವಾಗದ ಕಾವೇರಿ! ಪುಟ್ಟಣ್ಣನವರ ಸಿನಿಮಾದಲ್ಲಿ ಕಲ್ಪನಾ ಅವಳನ್ನು ಆವಾಹಿಸಿಕೊಂಡದ್ದು 1971ರಲ್ಲಿ. ಮೈಸೂರಿನ ಒಬ್ಬ ಲೇಖಕಿ ಇದನ್ನು ಮೊದಲೇ ಕಂಡಿದ್ದರು. ಇದಕ್ಕಿಂತ ಹೆಮ್ಮೆ ಬೇಕೇ?

ಆ 1966ರಲ್ಲಿ ಕುವೈತ್‌ನಲ್ಲಿ ಏನಾಯಿತು ಗೊತ್ತೇ? ಕುವೈತ್ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು! ಮೊದಲ ದಿನದಿಂದಲೇ ಹೆಣ್ಣುಮಕ್ಕಳ ಕಾಲೇಜು ಅದರೊಳಗಿತ್ತು! ಇದೇ ವಿಶ್ವವಿದ್ಯಾಲಯ ನಮ್ಮ ಕಥೆಯ ಮುಂದಿನ ತಿರುವು.

ಹೆಸರಿಲ್ಲದೆ ಸತ್ತ ಆಯಾ

ಪಂಥದ ಮೂರನೆಯ ಸುತ್ತು. ಇದು ನಮ್ಮದೇ ಕಥೆ.

1911ರ ‘ದಿ ಸೀಕ್ರೆಟ್ ಗಾರ್ಡನ್’. ಫ್ರಾನ್ಸಿಸ್ ಹಾಜ್ಸನ್ ಬರ್ನೆಟ್ ಬರೆದದ್ದು. ಮಕ್ಕಳಿಗೆ ಇಂಗ್ಲಿಷ್ ಪುಸ್ತಕ ಕೊಡಿಸುವ ಮನೆಗಳಲ್ಲಿ ಇವತ್ತಿಗೂ ಸಿಗುತ್ತದೆ. ಕಥೆ ಶುರುವಾಗುವುದು ಭಾರತದಲ್ಲಿ. ಪುಟ್ಟ ಮೇರಿಯನ್ನು ಹುಟ್ಟಿದಂದಿನಿಂದ ಎತ್ತಿ ಆಡಿಸಿ, ಉಣಿಸಿ, ಬಟ್ಟೆ ತೊಡಿಸಿ ಬೆಳೆಸಿದವಳು ಒಬ್ಬ ಭಾರತೀಯ ಹೆಂಗಸು. ಕಾಲರಾ ಬರುತ್ತದೆ. ಆ ಹೆಂಗಸು ಸಾಯುತ್ತಾಳೆ.

ಅವಳ ಹೆಸರೇನು?

ಆಯಾ. ಅಷ್ಟೇ! ಮೊದಲ ಅಧ್ಯಾಯದಲ್ಲೇ ಸತ್ತಳು. ಅವಳಿಗೆ ಮಕ್ಕಳಿದ್ದರೇ, ಯಾವ ಊರಿನವಳು, ಯಾವ ಭಾಷೆ ಮಾತಾಡುತ್ತಿದ್ದಳು? ಕಾದಂಬರಿಗೆ ಬೇಡ. ತಾಯಿಯ ಕೆಲಸ ಮಾಡಿದವಳಿಗೆ ಒಂದು ಹೆಸರೂ ಇಲ್ಲ!

ಅದೇ 1911ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ, ಕಿಂಗ್ ಎಡ್ವರ್ಡ್ಸ್ ರಸ್ತೆಯ 26ನೆಯ ನಂಬರಿನ ಮನೆ ಯಾವುದು ಗೊತ್ತೇ? ‘ಆಯಾಗಳ ಮನೆ’! ಬ್ರಿಟಿಷ್ ಕುಟುಂಬಗಳು ಹಡಗಿನಲ್ಲಿ ಮಕ್ಕಳನ್ನು ನೋಡಿಕೊಳ್ಳಲು ಕರೆದೊಯ್ದು, ದಡ ಮುಟ್ಟಿದ ಮೇಲೆ ಕೈಬಿಟ್ಟ ಆಯಾಗಳಿಗೆ ಅದು ಆಸರೆ. ಆ ಮನೆಯ ಗೋಡೆಗೆ ನೀಲಿ ಸ್ಮರಣ ಫಲಕ ಏರಿದ್ದು ಯಾವ ವರ್ಷ? 2022!

ಈ ವರ್ಷವನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಾಕೆಂದರೆ ಅದೇ 2022ರಲ್ಲಿ ಕುವೈತ್‌ನಿಂದ ಒಂದು ಇಂಗ್ಲಿಷ್ ಕಾದಂಬರಿ ಬಂತು.

ಅವಳ ಹೆಸರು ಮರಿಯಾ!

‘ಆನ್ ಅನ್‌ಲಾಸ್ಟಿಂಗ್ ಹೋಮ್’. ಬರೆದವರು ಮೈ ಅಲ್-ನಕೀಬ್. ಕುವೈತ್ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಮತ್ತು ತೌಲನಿಕ ಸಾಹಿತ್ಯ ಕಲಿಸಿದವರು. ಇಂಗ್ಲಿಷಿನಲ್ಲೇ ಬರೆಯುವವರು.

ಕಥೆ ಕೇಳಿ! 2013. ಸಾರಾ ಕುವೈತ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕಿ. ತರಗತಿಯಲ್ಲಿ ತತ್ತ್ವಜ್ಞಾನಿ ನೀಚೆಯ ಪಾಠ ಮಾಡಿದ್ದಕ್ಕೆ ಧರ್ಮನಿಂದನೆಯ ಆರೋಪ! ಮರಣದಂಡನೆಯ ಭಯ! ಆ ಗಂಡಾಂತರದ ನಡುವೆ ಅವಳ ಹಿಂದಿನ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದು ಬರುತ್ತಾರೆ. ಬಸ್ರಾದ ಪಾಶಾನ ಮಗನನ್ನು ಮದುವೆಯಾಗಿ ಪಶ್ಚಾತ್ತಾಪಪಟ್ಟ ಅಜ್ಜಿ ಯಾಸ್ಮಿನ್. ಹಳೆಯ ಕುವೈತ್‌ನ ಬಡಮನೆಯಲ್ಲಿ ಹುಟ್ಟಿ, ವ್ಯಾಪಾರಿ ಮನೆತನದ ಸೊಸೆಯಾಗಿ ಭಾರತಕ್ಕೆ ಬಂದು ನೆಲೆಸಿದ ಇನ್ನೊಬ್ಬ ಅಜ್ಜಿ ಲುಲ್ವಾ. ಅಮೆರಿಕದ ಕನಸು ಕಂಡ ತಾಯಿ ನೂರಾ.

ಕುವೈತ್‌ನ ಸೊಸೆ ಭಾರತದಲ್ಲೇ? ಹೌದು! ಕುವೈತ್‌ನ ಹಡಗುಗಳು ಬಸ್ರಾದ ಖರ್ಜೂರ ಹೊತ್ತು ನಮ್ಮ ಪಡುವಣ ಕರಾವಳಿಗೆ ಬರುತ್ತಿದ್ದವು. ಹಡಗು ಕಟ್ಟಲು ಬೇಕಾದ ಸಾಗುವಾನಿ ಮಲಬಾರಿನಿಂದ ಹೋಗುತ್ತಿತ್ತು. 1961ರಲ್ಲಿ ದಿನಾರ್ ಬರುವವರೆಗೆ ಕುವೈತ್‌ನ ಪೇಟೆಯಲ್ಲಿ ಓಡಿದ್ದು ರೂಪಾಯಿ! ಸಾರಾಳ ಮನೆಯ ಗಿಳಿಯ ಹೆಸರು ಕೇಳಿ: ಬೇಬೆ ಮಿಟ್ಟು! ಗಿಳಿಗೂ ಭಾರತದ ಹೆಸರು! ಗಿಳಿಗೂ ಹೆಸರಿದೆ, ಗಮನಿಸಿದಿರಾ?

ಈಗ ಕೊನೆಯವಳು. ಸಾರಾಳ ‘ಎರಡನೆಯ ತಾಯಿ’. ತನ್ನ ಮಕ್ಕಳನ್ನು ಪುಣೆಯಲ್ಲಿ ಬಿಟ್ಟು, ಕೊಲ್ಲಿ ದಾಟಿ ಬಂದು, ಇನ್ನೊಬ್ಬರ ಮಕ್ಕಳನ್ನು ಸಾಕಿದ ಆಯಾ.

ಹೆಸರು ಮರಿಯಾ!

ಬರೀ ಹೆಸರಲ್ಲ. ಅವಳಿಗೆ ಊರಿದೆ. ಬಿಟ್ಟು ಬಂದ ಮಕ್ಕಳಿದ್ದಾರೆ. ಅವಳ ಕಥೆ ಅಜ್ಜಿಯರ, ತಾಯಿಯ ಕಥೆಗಳ ಸಾಲಿನಲ್ಲೇ, ಸರಿಸಮನಾಗಿ ಕುಳಿತಿದೆ! ‘ಸೀಕ್ರೆಟ್ ಗಾರ್ಡನ್’ ಮೊದಲ ಅಧ್ಯಾಯದಲ್ಲೇ ಸಾಯಿಸಿದ ಹೆಂಗಸು 111 ವರ್ಷದ ಮೇಲೆ ಕುವೈತ್‌ನಲ್ಲಿ, ಕುವೈತಿ ಲೇಖಕಿಯ ಕೈಯಲ್ಲಿ, ಇಂಗ್ಲಿಷ್ ಕಾದಂಬರಿಯ ನಡುಮನೆಗೆ ನಡೆದುಬಂದಳು! ಇದನ್ನು ಹೇಳಲೆಂದೇ ನಿಮ್ಮನ್ನು ಇಷ್ಟು ದೂರ ಕರೆತಂದದ್ದು!

ಇದೆಲ್ಲ ಕಲ್ಪನೆಯೇ?

ಪಾಠಕ್ಕೆ, ಬರಹಕ್ಕೆ ಮೊಕದ್ದಮೆ ಹಾಕುವುದು ಕಾದಂಬರಿಯ ಕಟ್ಟುಕಥೆ ಎಂದುಕೊಂಡಿರಾ?

2000ದ ಜನವರಿ. ಕುವೈತ್‌ನ ನ್ಯಾಯಾಲಯ ಇಬ್ಬರು ಲೇಖಕಿಯರಿಗೆ ಅವರ ಬರಹಕ್ಕಾಗಿ ತಲಾ ಎರಡು ತಿಂಗಳ ಜೈಲು ವಿಧಿಸಿತು. ಒಬ್ಬರು ಹೆಸರಾಂತ ಕಾದಂಬರಿಕಾರ್ತಿ ಲೈಲಾ ಅಲ್-ಉಸ್ಮಾನ್. ಇನ್ನೊಬ್ಬರು ಆಲಿಯಾ ಶುಐಬ್. ಅವರ ಉದ್ಯೋಗ? ಕುವೈತ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರದ ಅಧ್ಯಾಪಕಿ! ಮೇಲ್ಮನವಿಯಲ್ಲಿ ಜೈಲು ತಪ್ಪಿ ದಂಡಕ್ಕೆ ಇಳಿಯಿತು.

ಧರ್ಮನಿಂದನೆಗೆ ಮರಣದಂಡನೆ ವಿಧಿಸುವ ತಿದ್ದುಪಡಿಯನ್ನು 2012ರಲ್ಲಿ ಕುವೈತ್ ಸಂಸತ್ತು ನಿಜವಾಗಿಯೂ ಅಂಗೀಕರಿಸಿತ್ತು! ಅಮೀರರು ಒಪ್ಪದ್ದರಿಂದ ಅದು ಕಾನೂನಾಗಲಿಲ್ಲ. ಒಪ್ಪಿದ್ದರೆ? ಆ ‘ರೆ’ಯ ಮೇಲೆ ನಿಂತಿದೆ ಮೈ ಅಲ್-ನಕೀಬರ ಕಾದಂಬರಿ!

ಕುವೈತ್‌ನ ಹೆಂಗಸರು ಕೈಕಟ್ಟಿ ಕೂತವರೂ ಅಲ್ಲ. 2005ರ ಮೇ 16. ಮತದಾನದ ಹಕ್ಕಿನ ಮಸೂದೆ. ಪರ 35, ವಿರುದ್ಧ 23. ಗೆದ್ದರು! ನಾಲ್ಕೇ ವರ್ಷದಲ್ಲಿ, 2009ರಲ್ಲಿ, ನಾಲ್ವರು ಮಹಿಳೆಯರು ಸಂಸತ್ತಿಗೆ ಆರಿಸಿ ಬಂದರು. ಅವರಲ್ಲೊಬ್ಬರು ಅಸೀಲ್ ಅಲ್-ಅವಧಿ. ಅವರ ಉದ್ಯೋಗ ಊಹಿಸಿ. ಹೌದು! ಕುವೈತ್ ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಕಲಿಸಿದವರು!

ಮೈ ಅಲ್-ನಕೀಬ್ ಒಬ್ಬರೇ ಎಂದುಕೊಳ್ಳಬೇಡಿ. ಲೈಲಾ ಅಲ್-ಅಮ್ಮಾರ್ ಕೂಡ ಇಂಗ್ಲಿಷಿನಲ್ಲೇ ಬರೆಯುವ ಕುವೈತಿ. 2019ರ ಅವರ ‘ದಿ ಪ್ಯಾಕ್ಟ್ ವಿ ಮೇಡ್’ನ ನಾಯಕಿ ದಾಲಿಯಾ. ಒಳ್ಳೆಯ ಕೆಲಸವಿದೆ, ಗೆಳತಿಯರಿದ್ದಾರೆ. ಮೂವತ್ತು ಹತ್ತಿರವಾಗುತ್ತಿದೆ. ತಾಯಿಗೆ ಒಂದೇ ಚಿಂತೆ: ಮಗಳ ಮದುವೆ! ಆಸ್ಟೆನ್‌ಳ ಮಿಸೆಸ್ ಬೆನೆಟ್ ನೆನಪಾಗಲಿಲ್ಲವೇ? 2021ರ ‘ಸೈಲೆನ್ಸ್ ಈಸ್ ಎ ಸೆನ್ಸ್’ನಲ್ಲಿ ಇಂಗ್ಲೆಂಡಿಗೆ ಬಂದ ಸಿರಿಯಾದ ನಿರಾಶ್ರಿತೆಯ ಮಾತೇ ನಿಂತುಹೋಗಿದೆ. ಆದರೂ ಪತ್ರಿಕೆಗೆ ಬರೆಯುತ್ತಾಳೆ. ಯಾವ ಹೆಸರಿನಲ್ಲಿ? ‘ದನಿಯಿಲ್ಲದವಳು’! ಕರರ್ ಬೆಲ್‌ಳ ಮೊಮ್ಮಗಳೇ ಸರಿ!

ಈಗ ನಿಮ್ಮ ಸರದಿ

ಕುವೈತ್‌ನಲ್ಲಿ ಇಂದು ಸುಮಾರು ಹತ್ತು ಲಕ್ಷ ಭಾರತೀಯರಿದ್ದಾರೆ. ಅಲ್ಲಿಯ ವಿದೇಶಿಯರಲ್ಲಿ ನಮ್ಮವರದೇ ಅತಿ ದೊಡ್ಡ ಸಂಖ್ಯೆ. ಕುವೈತ್ ಕನ್ನಡ ಕೂಟವಿದೆ, ತುಳು ಕೂಟವಿದೆ. ಮಂಗಳೂರು, ಉಡುಪಿ, ಕುಂದಾಪುರ, ಕಾಸರಗೋಡಿನ ನರ್ಸುಗಳಿದ್ದಾರೆ, ಶಿಕ್ಷಕಿಯರಿದ್ದಾರೆ, ಗೃಹಿಣಿಯರಿದ್ದಾರೆ.

ಮನೆಗೆಲಸದವರಿಗಾಗಿ ಕುವೈತ್ 2015ರಲ್ಲಿ ಒಂದು ಕಾನೂನು ತಂದಿತು. ದಿನಕ್ಕೆ 12 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ವಾರಕ್ಕೊಂದು ರಜೆ, ವರ್ಷಕ್ಕೆ 30 ದಿನ ಸಂಬಳಸಹಿತ ರಜೆ. ಕಾಗದದ ಮೇಲೆ ಇಷ್ಟು ಬರಲು 2015 ಆಗಬೇಕಾಯಿತು! ಮರಿಯಾಗಳ ಬದುಕು ಕಾನೂನಿನ ಕಣ್ಣಿಗೂ ಕಾದಂಬರಿಯ ಕಣ್ಣಿಗೂ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಬಿತ್ತು, ನೋಡಿ!

ಹಾಗಾದರೆ ಮಾಡಬೇಕಾದ್ದೇನು? ಮನೆಯ ಕಪಾಟಿನಿಂದ ಯಾವುದಾದರೂ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಎಳೆಯಿರಿ. ಪೆನ್ಸಿಲ್ ಹಿಡಿಯಿರಿ. ಹೆಸರಿರುವ ಹೆಂಗಸರೆಷ್ಟು, ಇಲ್ಲದವರೆಷ್ಟು, ಹೆಸರು ಕಳೆದುಕೊಂಡವರೆಷ್ಟು ಎಂದು ಗುರುತು ಹಾಕುತ್ತಾ ಹೋಗಿ. ಕಾಫಿ ತರುವವಳು, ಬಾಗಿಲು ತೆಗೆಯುವವಳು, ಮಗುವನ್ನು ಎತ್ತಿಕೊಂಡವಳು, ಅಟ್ಟದಲ್ಲಿ ಕಿರುಚುವವಳು! ಗೊತ್ತಿದ್ದ ಕಥೆಯ ಅಡಿಯಿಂದ ಇನ್ನೊಂದು ಕಥೆ ಮೇಲೇಳುತ್ತದೆ. ಖಂಡಿತ!

ಅಷ್ಟಕ್ಕೇ ನಿಲ್ಲಬೇಡಿ. ಪುಣೆಯ ಮರಿಯಾಳ ಕಥೆಯನ್ನು ಕುವೈತ್‌ನವರೇ ಬರೆದರು. ಕುಂದಾಪುರದಿಂದ ಹೋದವಳ ಕಥೆ? ಕಾರ್ಕಳದವಳ ಕಥೆ? ರಾತ್ರಿಪಾಳಿ ಮುಗಿಸಿ ಊರಿನ ಮಗಳಿಗೆ ವಿಡಿಯೊ ಕಾಲ್‌ನಲ್ಲಿ ಮಗ್ಗಿ ಹೇಳಿಸುವ ನರ್ಸಿನ ಕಥೆ? ಅದನ್ನು ಕನ್ನಡದಲ್ಲಿ ಬರೆಯಬೇಕಾದವರು ನೀವು, ಕುವೈತ್‌ನ ಅಕ್ಕತಂಗಿಯರೇ! ಎಲ್ಲವನ್ನೂ ಕಂಡವರು ನೀವೇ!

ಬರೆಯಿರಿ! ಬರೆದ ಮೇಲೆ ಮುಖಪುಟದಲ್ಲಿ ಹೆಸರು ಹಾಕುವುದನ್ನು ಮರೆಯಬೇಡಿ. ಪೂರ್ತಿ ಹೆಸರು, ದೊಡ್ಡ ಅಕ್ಷರದಲ್ಲಿ, ನಿಮ್ಮದೇ ಹೆಸರು!